ಬುಧವಾರ ಹನ್ನೊಂದಕ್ಕೆ ಕರೆಂಟ್ ತೆಗೆಯುವುದು

ಲೇಕ್ ಗಾರ್ಡನ್ಸ್ ಸ್ಟೇಷನ್ನಿನಿಂದ ಏಳೆಂಟು ನಿಮಿಷ ನಡೆದರೆ ಸಿಗುವ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಎಲೆಕ್ಟ್ರಿಕಲ್ ಸೂಪರ್‌ವೈಸರ್. ಹೆಸರು ದೊಡ್ಡದು, ಆದರೆ ನನ್ನ ಕೈಕೆಳಗೆ ಯಾರೂ ಇಲ್ಲ. ಟ್ಯೂಬ್‌ಲೈಟು, ನೀರಿನ ಪಂಪು, ಲಿಫ್ಟು, ಏಸಿ ಎಲ್ಲ ನಾನೇ ನೋಡಬೇಕು. ಇವುಗಳ ಜೊತೆಗೆ ಕಟ್ಟಡದ ಹಿಂದೆ ತಗಡಿನ ಮಾಡಿನ ಕೆಳಗೆ ನಿಂತಿರುವ ಡೀಸೆಲ್ ಜನರೇಟರು.

ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಹುಬ್ಬಳ್ಳಿಯಿಂದ ಕೋಲ್ಕತ್ತಾಗೆ ವರ್ಗವಾಗಿ ಬಂದಾಗ ನನಗೆ ಆರು ವರ್ಷ. ಆಗಿನ ದಿನಗಳಲ್ಲಿ ಇಲ್ಲಿ ದಿನಕ್ಕೆರಡು ಸಲ ಕರೆಂಟ್ ಹೋಗುತ್ತಿತ್ತು. ನಾನು ಕಲಿತ ಮೊದಲ ಬಂಗಾಳಿ ಮಾತು ‘ಲೋಡ್‌ಶೆಡಿಂಗ್’ ಎಂದು ಅಮ್ಮ ನಗುತ್ತಿದ್ದಳು. ಅದು ಇಂಗ್ಲಿಷ್ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ. ಈಗ ಹಾಗಿಲ್ಲ. ತಿಂಗಳುಗಟ್ಟಲೆ ಕರೆಂಟ್ ಹೋಗುವುದೇ ಇಲ್ಲ. ಕೇಳುವುದಕ್ಕೆ ಇದು ಸಂತೋಷದ ಸಂಗತಿ. ಆದರೆ ಜನರೇಟರ್ ನೋಡಿಕೊಳ್ಳುವವನಿಗೆ ಇದಕ್ಕಿಂತ ಅಪಾಯ ಇನ್ನೊಂದಿಲ್ಲ ಎಂದು ನಾನು ಕಲಿತದ್ದು ಮೂರು ಪುಟ್ಟ ಬೆರಳುಗಳಷ್ಟಗಲ ಎದೆಯ ಒಂದು ಮಗುವಿನಿಂದ.

ನಾನು ಸೋಮಾರಿಯೇನೂ ಆಗಿರಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಹಿಂದಕ್ಕೆ ಹೋಗಿ ಜನರೇಟರ್ ಚಾಲೂ ಮಾಡುತ್ತಿದ್ದೆ. ಒಂದೇ ಸಲಕ್ಕೆ ಎಂಜಿನ್ ಎದ್ದು ಗುಡುಗುತ್ತಿತ್ತು. ಐದು ನಿಮಿಷ ನಿಂತು ಕೇಳಿ, ಆಫ್ ಮಾಡಿ, ರಿಜಿಸ್ಟರಿನಲ್ಲಿ ‘ಓಕೆ’ ಎಂದು ಬರೆದು ಸಹಿ ಮಾಡುತ್ತಿದ್ದೆ. ಎರಡು ವರ್ಷದ ಸೋಮವಾರಗಳೆಲ್ಲ ಅಲ್ಲಿ ಓಕೆಯಾಗಿದ್ದವು.

ಅವತ್ತು ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ. ಮೂರೂವರೆಯ ಸುಮಾರಿಗೆ ವಾಯವ್ಯದ ಕಡೆ ಆಕಾಶ ಕಪ್ಪಾಯಿತು. ಕಾಲ್‌ಬೈಶಾಖಿ ಎಂದು ಇಲ್ಲಿಯವರು ಕರೆಯುವ ಬೇಸಿಗೆಯ ಬಿರುಗಾಳಿ. ಬೆಂದುಹೋಗಿದ್ದ ಪಾಡಾ, ಅಂದರೆ ನಮ್ಮ ಓಣಿಯ ಜನರೆಲ್ಲ ಆ ಗಾಳಿಗೆ ಮೈಯೊಡ್ಡಲು ಬಾಲ್ಕನಿಗೆ ಬಂದು ನಿಂತರು. ಮಳೆಯ ಮೊದಲ ಹನಿ ಬೀಳುವುದಕ್ಕೂ ಎಲ್ಲೋ ದೊಡ್ಡದೊಂದು ಸದ್ದಾಗಿ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಎಂಟು ಸೆಕೆಂಡಿನಲ್ಲಿ ನಮ್ಮ ಜನರೇಟರ್ ತಾನೇ ಚಾಲೂ ಆಗಿ ಇಡೀ ಕಟ್ಟಡಕ್ಕೆ ಬೆಳಕು ಬಂತು. ರಿಸೆಪ್ಷನ್ನಿನಲ್ಲಿ ನಿಂತಿದ್ದ ನಾನು ಸಣ್ಣಗೆ ಬೀಗಿದೆ. ಅದು ಸುಳ್ಳಲ್ಲ.

ನಾಲ್ಕು ನಿಮಿಷದ ಮೇಲೆ ಹಿಂದಿನಿಂದ ಬರುತ್ತಿದ್ದ ಸದ್ದು ಬದಲಾಯಿತು. ಎಂಜಿನ್ ಎರಡು ಸಲ ಕೆಮ್ಮಿತು, ದೀಪಗಳು ಮಂಕಾದವು, ಮತ್ತೆ ಹೊತ್ತಿದವು, ಆರಿಹೋದವು. ಓಡಿಹೋಗಿ ಮತ್ತೆ ಚಾಲೂ ಮಾಡಿದೆ. ಎದ್ದಿತು, ಲೋಡ್, ಅಂದರೆ ಕಟ್ಟಡದ ಭಾರ ಬಿದ್ದ ಕೂಡಲೇ ಸತ್ತಿತು. ಮತ್ತೊಂದು ಸಲ, ಇನ್ನೊಂದು ಸಲ. ಅಷ್ಟರಲ್ಲಿ ಮೊದಲ ಮಹಡಿಯಿಂದ ಆಯಾ ಒಬ್ಬಳು ಕೂಗಿದಳು. ನಾನು ಮೆಟ್ಟಿಲು ಹತ್ತಿ ಓಡಿದೆ.

ಮೊದಲ ಮಹಡಿಯಲ್ಲಿ ಎಳೆಗೂಸುಗಳ ಕೋಣೆ. ಅವತ್ತು ಅಲ್ಲಿ ನಾಲ್ಕು ಕೂಸುಗಳಿದ್ದವು. ಮೂರಕ್ಕೆ ಬೇಕಾದದ್ದು ಬಿಸಿ ಮಾತ್ರ. ಹೀಟರ್ ಆರಿದೊಡನೆ ಆಯಾಗಳು ಅವನ್ನು ಹತ್ತಿಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದರು. ನಾಲ್ಕನೆಯದು ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿದ, ಹನ್ನೆರಡು ದಿನದ ಗಂಡು ಕೂಸು. ಅದು ಉಸಿರಾಟದ ಮಷೀನಿನ ಮೇಲಿತ್ತು. ಮಷೀನಿನೊಳಗೆ ಒಂದು ಬ್ಯಾಟರಿ ಇತ್ತು. ಕರೆಂಟ್ ಹೋದರೆ ಅರ್ಧ ಗಂಟೆ ತಡೆಯುತ್ತದೆಂದು ಅದರ ಮೇಲೆ ಬರೆದಿತ್ತು. ಆರೇ ನಿಮಿಷ ತಡೆದಿತ್ತು. ಮೇಟ್ರನ್ ಮಂಚದ ಪಕ್ಕ ನಿಂತು, ಒಂದು ಸಣ್ಣ ರಬ್ಬರ್ ಚೀಲವನ್ನು ಎರಡು ಬೆರಳು ಹೆಬ್ಬೆರಳಿನಿಂದ ಹಿಸುಕಿ ಹಿಸುಕಿ ಕೂಸಿಗೆ ಉಸಿರು ಕೊಡುತ್ತಿದ್ದರು. ಅರವತ್ತರ ಹತ್ತಿರದ ಬಂಗಾಳಿ ಹೆಂಗಸು. ಎಲ್ಲರ ಬಾಯಲ್ಲೂ ಅವರು ‘ದಿದಿ’. ನಾನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

“ಎಷ್ಟು ಹೊತ್ತು?” ಎಂದು ಕೇಳಿದರು.

“ಗೊತ್ತಾಗ್ತಿಲ್ಲ ದಿದಿ.”

“ನನ್ನ ಕೈ ಒಂದು ಗಂಟೆ ನಡೀತದೆ. ಆಮೇಲೆ ಇವಳ ಕೈ ಒಂದು ಗಂಟೆ,” ಎಂದು ಪಕ್ಕದ ನರ್ಸನ್ನು ಗಲ್ಲದಿಂದಲೇ ತೋರಿಸಿದರು. “ಅಷ್ಟರೊಳಗೆ ಏನಾದರೂ ಮಾಡು. ಇಲ್ಲಿ ನಿಂತರೆ ಪ್ರಯೋಜನ ಇಲ್ಲ.”

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನ್ನ ತಲೆ ಸ್ವಲ್ಪ ಕೆಲಸ ಮಾಡಿತು. ಎರಡು ಓಣಿಯಾಚೆ ನಮ್ಮ ಕನ್ನಡದವರೊಬ್ಬರ ಅಡುಗೆಮನೆ ಇತ್ತು. ಉಡುಪಿ ಕಡೆಯವರು. ಸದರ್ನ್ ಅವೆನ್ಯೂ ಹತ್ತಿರ ಸಣ್ಣದೊಂದು ಹೋಟೆಲು, ಅದರ ಜೊತೆಗೆ ಮದುವೆ ಮುಂಜಿಗಳ ಅಡುಗೆ ಕಂಟ್ರಾಕ್ಟು. ನಾನು ವಾರಕ್ಕೆರಡು ಸಲ ಅವರಲ್ಲಿ ಇಡ್ಲಿ ತಿನ್ನುತ್ತಿದ್ದೆ. ಅಡುಗೆ ಒಯ್ಯುವ ವ್ಯಾನಿನಲ್ಲಿ ಅವರು ಪೆಟ್ರೋಲಿನ ಸಣ್ಣ ಜನರೇಟರ್ ಇಟ್ಟುಕೊಂಡಿದ್ದನ್ನು ನೋಡಿದ್ದೆ. ಫೋನ್ ಮಾಡಿದೆ.

“ಎಂತ ಮಾರಾಯ್ರೆ, ಈ ಗಾಳಿಯಲ್ಲಿ?”

“ಅಣ್ಣಾರ, ನಿಮ್ಮ ಸಣ್ಣ ಜನರೇಟರ್ ಎಲ್ಲೈತ್ರಿ? ನಮ್ಮದು ನಿಂತಬಿಟ್ಟೈತಿ. ಮ್ಯಾಲೆ ಒಂದು ಕೂಸು ಮಷೀನ್ ಮ್ಯಾಲೈತ್ರಿ.”

“ವ್ಯಾನಿನಲ್ಲೇ ಉಂಟು. ನೀವು ವಯರು ರೆಡಿ ಮಾಡಿ ಇಡಿ, ನಾನು ಬಂದೆ.”

ಅಷ್ಟೇ ಮಾತು. ಎಷ್ಟು ಹೊತ್ತು ಬೇಕು, ಯಾವಾಗ ವಾಪಸು ಕೊಡುತ್ತೀರಿ ಎಂದು ಕೇಳಲಿಲ್ಲ. ಓಣಿಯ ತಿರುವಿನಲ್ಲಿ ಗುಲ್‌ಮೊಹರ್ ಮರದ ಕೊಂಬೆ ಅಡ್ಡ ಬಿದ್ದು ವ್ಯಾನು ಮುಂದೆ ಹೋಗಲಿಲ್ಲವಂತೆ. ಜನರೇಟರನ್ನು ಅನ್ನದ ಪಾತ್ರೆ ಹೊರುವ ಹಾಗೆ ಬಿದಿರಿಗೆ ಕಟ್ಟಿ, ಅವರ ಇಬ್ಬರು ಅಡುಗೆಯವರು ಮುಂದೆ ಹಿಂದೆ ಹೆಗಲು ಕೊಟ್ಟು ಹೊತ್ತು ತಂದರು. ಹೋಟೆಲಿನವರು ಪಕ್ಕದಲ್ಲಿ ಟಾರ್ಪಾಲು ಹಿಡಿದು ಓಡಿ ಬಂದರು. ಯಂತ್ರ ನೆನೆಯಬಾರದೆಂದು ಟಾರ್ಪಾಲನ್ನು ಅದರ ಮೇಲೆ ಹಿಡಿದು ತಾವು ಪೂರ್ತಿ ತೊಯ್ದಿದ್ದರು. ಹೊಗೆ ಒಳಗೆ ಬರದ ಹಾಗೆ ಪೋರ್ಟಿಕೋದ ಅಂಚಿನಲ್ಲಿ ಅದನ್ನಿಟ್ಟು, ಕಿಟಕಿಯಿಂದ ವಯರು ಮೇಲಕ್ಕೆಳೆದೆವು. ಹಗ್ಗ ಎಳೆದ ಎರಡನೇ ಸಲಕ್ಕೆ ಚಾಲೂ ಆಯಿತು. ಮೇಲೆ ಮಷೀನಿನ ಹಸಿರು ದೀಪ ಹೊತ್ತಿತು. ದಿದಿ ಇನ್ನೂ ಒಂದು ನಿಮಿಷ ಚೀಲ ಹಿಸುಕುತ್ತಲೇ ಇದ್ದು, ಮಷೀನು ನಿಜವಾಗಿಯೂ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ ಕೈಬಿಟ್ಟರು. ಬೆರಳುಗಳು ಮಡಚಿದ ಹಾಗೇ ನಿಂತಿದ್ದವು. ಅವನ್ನು ಇನ್ನೊಂದು ಕೈಯಿಂದ ಒಂದೊಂದಾಗಿ ಬಿಡಿಸಿಕೊಂಡರು.

ಕೂಸಿಗೆ ಏನೂ ಆಗಲಿಲ್ಲ.

ಅಂದು ಸಂಜೆ ಹೋಟೆಲಿನವರಿಗೊಂದು ಮುಂಜಿ ಮನೆಯ ಊಟ ಇತ್ತೆಂದು ಆಮೇಲೆ ತಿಳಿಯಿತು. ಜನರೇಟರ್ ನಮ್ಮಲ್ಲಿದ್ದದ್ದರಿಂದ ಎಮರ್ಜೆನ್ಸಿ ಲ್ಯಾಂಪು, ಮೊಬೈಲಿನ ಬೆಳಕುಗಳಲ್ಲಿ ಬಡಿಸಿದರಂತೆ. “ಅದಕ್ಕೆಂತ, ಹೋಳಿಗೆ ಕತ್ತಲೆಯಲ್ಲೂ ಸಿಹಿಯೇ ಅಲ್ವಾ” ಎಂದರು.

ನನಗೆ ಅಷ್ಟು ಸುಲಭವಾಗಿ ನಗು ಬರಲಿಲ್ಲ. ಸಂಜೆ ಕರೆಂಟ್ ಬಂದ ಮೇಲೆ ದಿದಿ ನನ್ನನ್ನು ಕರೆದು, “ಕೂಸಿನ ತಂದೆ ಬಂದಿದ್ದಾನೆ. ಡಾಕ್ಟರು ನಡೆದದ್ದನ್ನು ಹೇಳ್ತಾರೆ. ನೀನೂ ಇರು” ಎಂದರು. ಆತ ಬಸ್ ಕಂಡಕ್ಟರ್. ಇನ್ನೂ ಯೂನಿಫಾರ್ಮಿನಲ್ಲೇ ಇದ್ದ. ಡಾಕ್ಟರು ಹೇಳಿ ಮುಗಿಸಿದಾಗ, ಜನರೇಟರ್ ನೋಡಿಕೊಳ್ಳುವವನು ನಾನೇ, ತಪ್ಪು ನನ್ನದು ಎಂದೆ. ಹೊಡೆದರೂ ಹೊಡೆಯಲಿ ಎಂದು ಕಾದೆ. ಆತ, “ಈಗ ಅದು ನಡೆಯುತ್ತಾ?” ಎಂದು ಕೇಳಿದ.

“ಇಲ್ಲ. ನಾಳೆ ಜನರೇಟರ್ ಮೇಸ್ತ್ರಿ ಬರ್ತಾನೆ. ಅಲ್ಲಿಯತನಕ ಆ ಸಣ್ಣದು ಇಲ್ಲೇ ಇರುತ್ತೆ, ನಾನೂ ಇಲ್ಲೇ ಇರ್ತೀನಿ.”

“ಸರಿಯಾದ ಮೇಲೆ ನನಗೆ ತೋರಿಸಿ,” ಎಂದ ಆತ.

ಹೆಂಡತಿ ಊಟದ ಡಬ್ಬಿ ಹಿಡಿದುಕೊಂಡು ನರ್ಸಿಂಗ್ ಹೋಮಿಗೇ ಬಂದಳು, ಜೊತೆಗೆ ಮಗಳು. ಸ್ಟೋರ್ ರೂಮಿನ ಸ್ಟೂಲಿನ ಮೇಲೆ ಕೂತು ನಾನು ರಾಜೀನಾಮೆ ಬರೆಯುತ್ತಿದ್ದೆ.

“ಊಟಾ ಮಾಡ್ರಿ ಮೊದಲ,” ಎಂದಳು ಹೆಂಡತಿ. “ಹಸದ ಹೊಟ್ಟ್ಯಾಗ ಅದನ್ನೇನೂ ಬರೀಬ್ಯಾಡ್ರಿ.”

ಮಗಳು ನನ್ನ ಮುಖ ನೋಡಿ, “ಅಪ್ಪಾ, ಬೇಬಿ ಠೀಕ್ ಅದ ಅಲ್ಲಾ? ಫಿರ್ ನೀ ಯಾಕ ಅಳಾಕತ್ತಿ?” ಎಂದಳು. ನಾನು ಅಳುತ್ತಿದ್ದೆ ಎಂದು ನನಗೆ ಗೊತ್ತಾದದ್ದೇ ಆಗ.

ಮರುದಿನ ಬೆಳಿಗ್ಗೆ ಕಾಗದವನ್ನು ದಿದಿಯ ಕೈಗೆ ಕೊಟ್ಟೆ. ನರ್ಸಿಂಗ್ ಹೋಮ್ ನಡೆಸುವ ಡಾಕ್ಟರಿಗೆ ಕೊಡುವ ಧೈರ್ಯ ಇರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಮಡಚಿದರು.

“ನೀನು ಹೋದರೆ ಹೊಸಬನೊಬ್ಬ ಬರ್ತಾನೆ. ನಿನ್ನೆ ನೀನು ಕಲಿತದ್ದನ್ನು ಅವನು ಕಲಿಯೋದಕ್ಕೆ ಇನ್ನೊಂದು ಕೂಸು ಬೇಕಾ?”

ಕಾಗದವನ್ನು ನನಗೇ ವಾಪಸು ಕೊಟ್ಟು ವಾರ್ಡಿನ ರೌಂಡಿಗೆ ಹೊರಟರು. ಇದುವರೆಗೆ ನನಗೆ ಯಾರೂ ಕೊಟ್ಟಿರದಷ್ಟು ದೊಡ್ಡದನ್ನು ಅವರು ಅವತ್ತು, ಒಂದೇ ಮಾತಿನಲ್ಲಿ, ನಿಂತ ಕಾಲಿನಲ್ಲಿ ಕೊಟ್ಟರು.

ಮೇಸ್ತ್ರಿ ಬಂದದ್ದು ಹತ್ತು ಗಂಟೆಗೆ, ಊರಂಚಿನ ಜೋಕಾದಿಂದ, ಸೈಕಲ್ಲಿನ ಮೇಲೆ. ಎಪ್ಪತ್ತು ದಾಟಿದ ಮನುಷ್ಯ. ಪೂಜಾ ಪೆಂಡಾಲುಗಳಿಗೆ ಬಾಡಿಗೆ ಜನರೇಟರ್ ಒದಗಿಸುವವರ ಹತ್ತಿರ ನಲವತ್ತು ವರ್ಷ ದುಡಿದವರು. ನಾನು ಅವರನ್ನು ‘ಚಾಚಾ’ ಎಂದೆ, ಆಮೇಲೂ ಹಾಗೇ ಉಳಿಯಿತು. ಅವರು ಎಂಜಿನ್ ಮುಟ್ಟಲಿಲ್ಲ. ಮೊದಲು ಒಂದು ಗಾಜಿನ ಬಾಟಲಿ ಕೇಳಿದರು. ಡೀಸೆಲ್ ಟ್ಯಾಂಕಿನ ತಳದ ತಿರುಪು ಸಡಿಲಿಸಿ, ಬಾಟಲಿ ತುಂಬಿಸಿ, ಗೋಡೆಯ ಮೇಲಿಟ್ಟು, ಚಹಾ ತರಿಸು ಎಂದರು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಾಟಲಿಯಲ್ಲಿದ್ದದ್ದು ಎರಡಾಗಿತ್ತು. ಮೇಲೆ ಡೀಸೆಲ್, ಕೆಳಗೆ ನಾಲ್ಕು ಬೆರಳು ನೀರು, ನಡುವೆ ಕಂದು ಲೋಳೆ.

“ಯಾರಾದರೂ ನೀರು ಹಾಕಿದ್ದಾರಾ?” ಎಂದೆ.

“ಯಾರೂ ಹಾಕಿಲ್ಲ. ಇದು ಕಲಕತ್ತಾ. ಅರ್ಧ ಖಾಲಿ ಟ್ಯಾಂಕಿನೊಳಗೆ ಗಾಳಿ, ಗಾಳಿಯೊಳಗೆ ನೀರು. ವರ್ಷಗಟ್ಟಲೆ ಬೆವತಿದೆ,” ಎಂದರು ಚಾಚಾ. ಆಮೇಲೆ ನನ್ನ ರಿಜಿಸ್ಟರ್ ಕೇಳಿದರು. ಓಕೆಗಳ ಮೇಲೆ ಬೆರಳಾಡಿಸಿ, “ಎಷ್ಟು ಹೊತ್ತು ಓಡಿಸ್ತಿದ್ದೆ?” ಎಂದರು.

“ಐದು ನಿಮಿಷ.”

“ಲೋಡ್ ಹಾಕಿ?”

“ಇಲ್ಲ, ಹಾಗೇ.”

“ಹಾಗಾದರೆ ನೀನು ನೋಡಿದ್ದು ಇದು ಏಳುತ್ತಾ ಅಂತ. ಹೊರುತ್ತಾ ಅಂತ ನೋಡಲೇ ಇಲ್ಲ, ಬಾಬಾ.”

ಬೈಗುಳವಾಗಿ ಅಲ್ಲ, ಮನೆಯ ಹುಡುಗನಿಗೆ ಹೇಳಿಕೊಟ್ಟ ಹಾಗೆ ಹೇಳಿದರು. ಎರಡು ದಿನ ಕೂತು ಟ್ಯಾಂಕ್ ಬರಿದು ಮಾಡಿಸಿ ತೊಳೆಸಿದರು, ಫಿಲ್ಟರುಗಳನ್ನು ನನ್ನ ಕೈಯಿಂದಲೇ ಬದಲಿ ಮಾಡಿಸಿದರು. ತಪ್ಪು ಮಾಡಿದಾಗ ಸ್ಪ್ಯಾನರ್ ಕಸಿದುಕೊಳ್ಳದೆ, ಬಿಚ್ಚಿ ಮತ್ತೆ ಮಾಡು ಎಂದರು. ಟ್ಯಾಂಕು ಯಾವಾಗಲೂ ತುಂಬಿರಬೇಕು, ತಳದ ನೀರನ್ನು ಹದಿನೈದು ದಿನಕ್ಕೊಮ್ಮೆ ತೆಗೆಯಬೇಕು, ಬ್ಯಾಟರಿಯನ್ನು ವಯಸ್ಸು ನೋಡಿ ಬದಲಿಸಬೇಕು, ಸಾಯುವತನಕ ಕಾಯಬಾರದು. ಕೊನೆಯದಾಗಿ, ವಾರಕ್ಕೊಮ್ಮೆ ನಿಜವಾಗಿ ಕರೆಂಟ್ ತೆಗೆದು ಒಂದು ಗಂಟೆ ಇಡೀ ಕಟ್ಟಡವನ್ನು ಇದರ ಮೇಲೆ ಹೊರಿಸಬೇಕು.

ಸರಿಯಾದ ದಿನ ಕಂಡಕ್ಟರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಓಡುತ್ತಿದ್ದ ಜನರೇಟರಿನ ಹೊದಿಕೆಯ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೇ ನಿಂತ. ಮಗ ಮನೆಗೆ ಹೋಗುವತನಕ ದಿನಾ ಡ್ಯೂಟಿಗೆ ಮುಂಚೆ ಹಿಂದುಗಡೆ ಬಂದು, “ದಾದಾ, ಚೊಲ್ಛೇ?” ಅಂದರೆ ನಡೀತಿದೆಯಾ ಎಂದು ಕೇಳುತ್ತಿದ್ದ. ನಡೀತಿದೆ ಎನ್ನುತ್ತಿದ್ದೆ. ಕ್ಷಮಿಸಿದ್ದೇನೆ ಎಂದು ಆತ ಒಮ್ಮೆಯೂ ಹೇಳಲಿಲ್ಲ. ಆದರೆ ದಿನಾ ತನಗೊಂದೇ ಚಹಾ ಹಿಡಿದು ಬರುತ್ತಿದ್ದವನು ಹನ್ನೊಂದನೆಯ ದಿನ ಎರಡು ಭಾಂಡ, ಅಂದರೆ ಎರಡು ಸಣ್ಣ ಮಣ್ಣಿನ ಲೋಟ ಚಹಾ ತಂದು, ಒಂದನ್ನು ನನ್ನ ಕೈಗೆ ಕೊಟ್ಟ. ಆ ಮಣ್ಣಿನ ಲೋಟದ ಬಿಸಿ ಇನ್ನೂ ನೆನಪಿದೆ.

ಕರೆಂಟ್ ಬೇಕೆಂದೇ ತೆಗೆಯುವುದು ಎಂದಾಗ ಡಾಕ್ಟರುಗಳು ಒಪ್ಪಲಿಲ್ಲ. ಏನಾದರೂ ಆದರೆ ಎಂದರು. ದಿದಿ ಮೀಟಿಂಗಿನಲ್ಲಿ ಎದ್ದು ನಿಂತು, “ಆಗುವುದಿದ್ದರೆ ಬುಧವಾರ ಹನ್ನೊಂದು ಗಂಟೆಗೆ ಆಗಲಿ. ಎಲ್ಲ ನರ್ಸುಗಳೂ ಇರ್ತಾರೆ, ಎಲ್ಲ ಡಾಕ್ಟರುಗಳೂ ಇರ್ತಾರೆ, ಕೂಸಿನ ಪಕ್ಕ ನಾನು ಚೀಲ ಹಿಡಿದು ನಿಂತಿರ್ತೀನಿ” ಎಂದರು. ಹಾಗೆ ಶುರುವಾಯಿತು.

ಮೊದಲ ಬುಧವಾರ ನನ್ನ ಕೈ ಮೇನ್ ಸ್ವಿಚ್ಚಿನ ಮೇಲೆ ಒಂದು ನಿಮಿಷ ನಿಂತುಬಿಟ್ಟಿತು. ತೆಗೆದೆ. ಜನರೇಟರ್ ಲೋಡನ್ನು ಚೆನ್ನಾಗಿಯೇ ಹೊತ್ತುಕೊಂಡಿತು. ಆದರೆ ಲಸಿಕೆ ಇಡುವ ಫ್ರಿಜ್ಜು ಆಫ್ ಆಗಿ ಕೂತಿತ್ತು. ಕಟ್ಟಡ ಕಟ್ಟಿದಂದಿನಿಂದ ಆ ಗೋಡೆಯ ಪ್ಲಗ್ಗುಗಳಿಗೆ ಜನರೇಟರಿನ ಲೈನೇ ಇರಲಿಲ್ಲ! ಯಾರಿಗೂ ಗೊತ್ತಿರಲಿಲ್ಲ. ಎರಡನೇ ಬುಧವಾರ ಲಿಫ್ಟಿನ ಒಂದು ರಿಲೇ ಸ್ವಿಚ್ಚು ಸುಟ್ಟುಹೋಯಿತು. ಮೂರನೇ ಬುಧವಾರ ಏನೂ ಆಗಲಿಲ್ಲ. ದಿದಿ ಮೇಲಿನ ಕಿಟಕಿಯಿಂದ ನನ್ನ ಕಡೆ ನೋಡಿ ತಲೆಯಾಡಿಸಿದರು. ನನ್ನ ಓಕೆಗೆ ಅವತ್ತು ಅರ್ಥ ಬಂತು.

ಮರುವರ್ಷ ಮೇ ತಿಂಗಳಲ್ಲಿ ಸಮುದ್ರದಿಂದ ದೊಡ್ಡ ಚಂಡಮಾರುತ ಬಂತು. ಬೆಳಗಾದಾಗ ನಮ್ಮ ಪಾಡಾ ಗುರುತು ಸಿಗುವ ಹಾಗಿರಲಿಲ್ಲ. ಸದರ್ನ್ ಅವೆನ್ಯೂ ಉದ್ದಕ್ಕೂ ಮರಗಳು ಬೇರು ಮೇಲಾಗಿ ಮಲಗಿದ್ದವು. ಕಂಬಗಳು ಬಾಗಿದ್ದವು. ಕರೆಂಟ್ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಹಿಂದುಗಡೆ ನಮ್ಮ ಜನರೇಟರ್ ಮಾತ್ರ ಹಿಂದಿನ ಸಂಜೆಯಿಂದ ಒಂದೇ ಸಮ ಓಡುತ್ತಿತ್ತು. ಓಣಿಯವರು ಫೋನು ಚಾರ್ಜಿಗೆ ಬಂದರು. ರಿಸೆಪ್ಷನ್ನಿನ ಮೇಜಿನ ಮೇಲೆ ಅರವತ್ತೋ ಎಪ್ಪತ್ತೋ ಫೋನುಗಳು ಸಾಲಾಗಿ ಮಲಗಿದ್ದವು.

ಎರಡನೇ ದಿನ ಬೆಳಿಗ್ಗೆ ನನಗೆ ಹೊಸ ಚಿಂತೆ. ಇಷ್ಟು ಹೊತ್ತು ಓಡಿದ ಎಂಜಿನ್ನಿಗೆ ಆಯಿಲ್ ನೋಡಲೇಬೇಕು. ನೋಡಬೇಕಾದರೆ ನಿಲ್ಲಿಸಬೇಕು. ನಿಲ್ಲಿಸಿದರೆ ಮೇಲೆ ಎರಡು ಕೂಸುಗಳು ಮಷೀನಿನ ಮೇಲೆ. ಹೊಸ ಬ್ಯಾಟರಿಗಳಿದ್ದವು, ನಿಜ. ಆದರೆ ಅವನ್ನೇ ನಂಬಿ ಕೈಬಿಡುವ ಧೈರ್ಯ ನನಗಿರಲಿಲ್ಲ. ಹೋಟೆಲಿನವರಿಗೆ ಹೇಳಿ ಕಳಿಸಿದೆ. “ನಾನೇ ತರುವವನಿದ್ದೆ” ಎನ್ನುತ್ತ ಸಣ್ಣ ಜನರೇಟರನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದರು. ಜೊತೆಗೆ ನರ್ಸುಗಳಿಗೆಲ್ಲ ಬಿಸಿ ಉಪ್ಪಿಟ್ಟು. ಕೂಸುಗಳ ಕೋಣೆಯನ್ನು ಅದಕ್ಕೆ ಸೇರಿಸಿ, ದೊಡ್ಡದನ್ನು ನಿಲ್ಲಿಸುವ ಹೊತ್ತಿಗೆ ಗೇಟಿನಲ್ಲಿ ಸೈಕಲ್ ಗಂಟೆ ಕೇಳಿತು. ಚಾಚಾ! ಜೋಕಾದಿಂದ ಬಿದ್ದ ಮರಗಳ ಮೇಲೆ ಸೈಕಲ್ ಎತ್ತಿ ಇಳಿಸಿ ಬಂದಿದ್ದರು. ಲುಂಗಿ ಮೊಣಕಾಲತನಕ ಕೆಸರು. ಹ್ಯಾಂಡಲಿಗೆ ಆಯಿಲ್ಲಿನ ಎರಡು ಕ್ಯಾನು ತೂಗುತ್ತಿದ್ದವು.

“ಫೋನ್ ಸಿಗಲಿಲ್ಲ,” ಎಂದರು. “ಇಷ್ಟು ಹೊತ್ತಿಗೆ ಆಯಿಲ್ ಕೇಳುತ್ತೆ ಅಂತ ಲೆಕ್ಕ ಹಾಕಿ ಬಂದೆ.”

“ಚಾಚಾ, ನಿಮ್ಮ ಮನೆ?”

“ತಗಡು ಹಾರಿದೆ. ಅದನ್ನು ಮಗ ನೋಡ್ಕೊಳ್ತಾನೆ. ಆಯಿಲ್ ಅಳೆಯೋ ಕಡ್ಡಿ ತೆಗಿ, ಬೇಗ.”

ಆಯಿಲ್ ನಿಜಕ್ಕೂ ಕೆಳಗಿಳಿದಿತ್ತು. ಇನ್ನಷ್ಟು ಓಡಿಸಿದ್ದರೆ ತಾನೇ ನಿಲ್ಲುತ್ತಿತ್ತು, ಎಂದರು. ತುಂಬಿಸಿ, ಗಾಳಿಯ ಫಿಲ್ಟರಿನಲ್ಲಿ ಸಿಕ್ಕಿದ್ದ ಎಲೆಗಳನ್ನು ಬಿಡಿಸಿ, ಹದಿನಾಲ್ಕು ನಿಮಿಷದಲ್ಲಿ ಮತ್ತೆ ಚಾಲೂ ಮಾಡಿದೆವು. ಮೇಲೆ ಕೂಸುಗಳಿಗೆ ಏನೂ ಗೊತ್ತಾಗಲಿಲ್ಲ. ಚಾಚಾ ಮತ್ತು ಹೋಟೆಲಿನವರು ಮೆಟ್ಟಿಲ ಮೇಲೆ ಪಕ್ಕಪಕ್ಕ ಕೂತು ಉಪ್ಪಿಟ್ಟು ತಿಂದರು. ಒಬ್ಬರ ಹಿಂದಿ ಇನ್ನೊಬ್ಬರಿಗೆ ಅರ್ಧವೇ ಅರ್ಥವಾಗುತ್ತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಕರೆಂಟ್ ಬಂತು. ಇಡೀ ಓಣಿ ಹೋ ಎಂದು ಕೂಗಿತು. ನಾನು ಜನರೇಟರಿನ ಪಕ್ಕ ನೆಲದ ಮೇಲೆ ಕೂತಿದ್ದೆ. ಅದು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುವುದನ್ನು ಕೇಳುತ್ತ, ನಾನು ಯಾರ್ಯಾರಿಂದ ಇಲ್ಲಿ ಹೀಗೆ ಕೂತಿದ್ದೇನೆ ಎಂದು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ನೆನೆದೆ.

ದಿದಿ ಈಗ ನಿವೃತ್ತರು. ಕೂಸಿನ ಪಕ್ಕ ಚೀಲ ಹಿಡಿದು ನಿಲ್ಲುವ ಕೆಲಸವನ್ನು ಅವರ ಕೈಕೆಳಗೆ ಕಲಿತ ನರ್ಸೇ ಮಾಡುತ್ತಾಳೆ. ಚಾಚಾಗೆ ಕಣ್ಣು ಮಂಜಾಗಿ ಸೈಕಲ್ ಬಿಟ್ಟಿದ್ದಾರೆ. ಕಿವಿ ಮಾತ್ರ ಚುರುಕು. ಬುಧವಾರ ಲೋಡ್ ಹಾಕಿದ ಮೇಲೆ ನಾನು ಅವರಿಗೆ ಫೋನ್ ಮಾಡಿ, ಫೋನನ್ನು ಎಂಜಿನ್ನಿನ ಹತ್ತಿರ ಹಿಡಿಯುತ್ತೇನೆ. ಸ್ವಲ್ಪ ಹೊತ್ತು ಕೇಳಿ, “ಠೀಕ್ ಹೈ ಬಾಬಾ” ಎನ್ನುತ್ತಾರೆ. ಹೋದ ತಿಂಗಳು ಹಾಗೆನ್ನಲಿಲ್ಲ. “ಇನ್ನೊಂದು ಸಲ ಹಿಡಿ. ಫ್ಯಾನಿನ ಕಡೆ,” ಎಂದರು. ಹಿಡಿದೆ. “ಬೆಲ್ಟ್ ನೋಡು.”

ನನಗೆ ಏನೂ ಕೇಳಿಸಿರಲಿಲ್ಲ. ನಿಲ್ಲಿಸಿ, ತಣ್ಣಗಾದ ಮೇಲೆ ಬೆಲ್ಟಿನ ಒಳಬದಿ ಬೆರಳಾಡಿಸಿದೆ. ಅರ್ಧದವರೆಗೆ ಸೀಳಿತ್ತು. ಮಧ್ಯಾಹ್ನವೇ ಹೊಸದು ಹಾಕಿ, ಮತ್ತೆ ಚಾಲೂ ಮಾಡಿ, ಮತ್ತೆ ಫೋನ್ ಮಾಡಿದೆ. ಈ ಸಲ ಅವರು ಬಹಳ ಹೊತ್ತು ಕೇಳಿದರು. ಜೋಕಾದ ಆ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಆಮೇಲೆ, “ಊಟ ಆಯ್ತಾ ನಿಂದು?” ಎಂದು ಕೇಳಿದರು. ಇಲ್ಲ ಎಂದೆ. “ಹೋಗು, ಊಟ ಮಾಡು,” ಎಂದರು.